ಮೇಕಪ್ ಎಂಬ ಮಾತಿನ ಇನ್ನೊಂದು ಅರ್ಥ

ನವೆಂಬರ್ ೧೪, ಭಾನುವಾರ

ಪ್ರೀತಿಯ ಗುಂಡನಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ. ನೀನು, ನಿನ್ನ ಹೆಂಡತಿ, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ನಾಲ್ಕು ವರ್ಷ ಒಂದು ಸಾಲು ಬರೆಯದವನು ಈಗ ಬಂದು ತಡವಾಯಿತು, ಕ್ಷಮಿಸು ಎಂದರೆ ನಿನಗೆ ನಗು ಬರುತ್ತದೆ. ನಗು, ನನ್ನದೇನೂ ಅಡ್ಡಿಯಿಲ್ಲ. ಆದರೆ ಕೊನೆಯತನಕ ಓದದೆ ಹರಿದು ಹಾಕಬೇಡ.

ನಮ್ಮ ನಾಟಕ ಕಂಪನಿಯ ಹೊಸ ನಿರ್ದೇಶಕ ಮುದುಕನ ಪಾತ್ರಕ್ಕೆ ನೀನೇ ಬೇಕೆಂದು ಪಟ್ಟು ಹಿಡಿದಿದ್ದಾನೆ. ಮ್ಯಾನೇಜರ್ ನಿನ್ನ ಮನೆಗೆ ಬಂದು ಕೇಳಿದ್ದಕ್ಕೆ ನೀನು ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅವನಿರೋ ಮೇಕಪ್ ರೂಮಿಗೆ ನಾನು ಕಾಲಿಡಲ್ಲ." ಮೊದಲಾಗಿದ್ದರೆ ನಾನೂ "ಹೋದ್ರೆ ಹೋಗ್ಲಿ, ಬೇಡ ಅಂದೋರ್ಯಾರು" ಎಂದು ಸುಮ್ಮನಾಗುತ್ತಿದ್ದೆ. ಈಗ ಹಾಗೆನ್ನಲು ಬಾಯಿ ಬರುತ್ತಿಲ್ಲ. ಕಾರಣ ಕೇಳಿದರೆ ನೀನು ನಂಬಲಿಕ್ಕಿಲ್ಲ. ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ.

ಅರವತ್ತಕ್ಕೆ ಅರಳು ಮರಳು ಎನ್ನುತ್ತೀಯ, ಎನ್ನು. ತಪ್ಪು ಆ ನಿರ್ದೇಶಕನದು. ಇಂಗ್ಲಿಷ್ ಬಿಟ್ಟರೆ ಅವನಿಗೆ ಬೇರೆ ಮಾತು ಬಾರದು. ಬಂದ ಮೊದಲ ದಿನ ಮೇಕಪ್ ರೂಮಿಗೆ ತಲೆ ಹಾಕಿ, ನನ್ನ ಕುರ್ಚಿಯಲ್ಲಿ ಕೂತವನಿಗೆ ನಾನು ಅಂಟಿಸಿದ್ದ ಮೀಸೆ ನೋಡಿ, "ಟೇಕ್ ಇಟ್ ಆಫ್" ಅಂದ. ನನಗೆ ಗೊತ್ತಿದ್ದ ಆಫ್ ಒಂದೇ. ಕನ್ನಡಿಯ ಸುತ್ತಲಿನ ದೀಪಗಳನ್ನೆಲ್ಲ ಆರಿಸಿದೆ. ಕತ್ತಲಲ್ಲಿ ಅವನು ಇನ್ನೂ ಜೋರಾಗಿ ಅದನ್ನೇ ಅಂದ. ನಾನು ಫ್ಯಾನೂ ಆರಿಸಿದೆ. ಮೀಸೆ ಕಿತ್ತು ಹಾಕು ಎಂದು ಅವನು ಹೇಳುತ್ತಿದ್ದನಂತೆ. ಮ್ಯಾನೇಜರ್ ಓಡಿಬಂದು, "ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಸಂಜೆ ಕ್ಲಾಸಿಗೆ ಸೇರ್ಕೊಳ್ಳಿ" ಅಂದ.

ಕ್ಲಾಸು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೆಂಚು ಮಕ್ಕಳದು, ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಪಕ್ಕದಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್, ಹಿಂದೆ ಇಬ್ಬರು ನರ್ಸಮ್ಮಂದಿರು. ಕಲಿಸುವ ಟೀಚರಮ್ಮ ನಿನ್ನ ದೊಡ್ಡ ಮಗಳ ವಯಸ್ಸಿನವಳು. ಅವಳು ಹೇಳುವ ಪ್ರಕಾರ ಇಂಗ್ಲಿಷಿನಲ್ಲಿ ಕ್ರಿಯಾಪದದ ಹಿಂದೆ ಒಂದು ಸಣ್ಣ ಮಾತು ಬಾಲದ ಹಾಗೆ ಅಂಟಿಕೊಳ್ಳುತ್ತದೆ, ಬಾಲ ಬದಲಾದರೆ ಪ್ರಾಣಿಯೇ ಬದಲಾಗಿಬಿಡುತ್ತದೆ. ಗಿವ್ ಎಂದರೆ ಕೊಡು. ಗಿವ್ ಅಪ್ ಎಂದರೆ ಕೈಬಿಡು. ಗಿವ್ ಇನ್ ಎಂದರೆ ಹಟ ಬಿಟ್ಟು ಒಪ್ಪಿಕೋ. ವಿಮಾನ ನೆಲ ಬಿಟ್ಟೇಳುವುದಕ್ಕೂ ಟೇಕ್ ಆಫ್, ಅಂಟಿಸಿದ ಮೀಸೆ ಕೀಳುವುದಕ್ಕೂ ಟೇಕ್ ಆಫ್. ಗುಂಡ, ನಾನು ಎಷ್ಟು ರಾಜರಿಗೆ ಗೆಟಪ್ ಹಾಕಿಲ್ಲ ಹೇಳು. ಗೆಟಪ್ ಎಂದರೆ "ಏಳು" ಎಂದೂ ಅರ್ಥವಂತೆ. ಆ ಸಂಜೆ ಬಾಯಿ ಬಿಟ್ಟುಕೊಂಡು ಇದನ್ನೇ ಯೋಚಿಸುತ್ತ ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿದ್ದೆ.

ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಮೊನ್ನೆ "ಲುಕ್ ಆಫ್ಟರ್, ನೋಡಿಕೊಳ್ಳುವುದು" ಎಂದು ಬಾಯಿಪಾಠ ಮಾಡುತ್ತಿದ್ದೆ. ನಿನ್ನ ಅತ್ತಿಗೆ ಪಾತ್ರೆ ತೊಳೆಯುತ್ತಿದ್ದವಳು, "ಅವತ್ತು ನಿಮ್ಮ ತಮ್ಮನಿಗೆ ಹೇಳಿದ್ರಲ್ಲ, ನಿನ್ನ ನೋಡ್ಕೋತೀನಿ ಅಂತ. ಅದೇನಾ ಇದು?" ಅಂದಳು. ನಾನು ಪುಸ್ತಕ ಮುಚ್ಚಿಟ್ಟೆ. ಶಾಲೆಗೆ ಕಳಿಸುವಾಗ ಅಮ್ಮ ನನಗೆ ದಿನಾ ಹೇಳುತ್ತಿದ್ದದ್ದೂ ಅದನ್ನೇ, "ತಮ್ಮನ್ನ ನೋಡ್ಕೋ" ಎಂದು. ಅವಳು ಹೇಳಿದಾಗ ಅದು ನಿನ್ನ ಕೈ ಹಿಡಿದುಕೋ ಎಂದು. ನಾನು ಅಂದಾಗ ನಿನ್ನ ಕೈ ಮುರಿಯುತ್ತೇನೆ ಎಂದು. ಇಂಗ್ಲಿಷಿನವರ ಬಾಲ ನೋಡಿ ಬೆರಗಾಗುತ್ತಿದ್ದವನಿಗೆ ನಮ್ಮ ಮನೆಯ ಮಾತೇ ಹೀಗಿದೆ ಎಂದು ಇಷ್ಟು ವಯಸ್ಸಾದರೂ ಹೊಳೆದಿರಲಿಲ್ಲ.

ಮೊನ್ನೆ ಶುಕ್ರವಾರ ಟೀಚರಮ್ಮ ಎಲ್ಲರ ಕಸುಬು ಕೇಳಿದಳು. "ಮೇಕಪ್" ಅಂದೆ, ಕಾಲರ್ ಎಳೆದುಕೊಂಡು. ಕ್ಲಾಸಿನಲ್ಲಿ ನಾನು ತಪ್ಪಿಲ್ಲದೆ ಹೇಳಿದ ಮೊದಲ ಇಂಗ್ಲಿಷು ಅದು. ಅವಳು ನಕ್ಕು, "ಅಂಕಲ್, ಇವತ್ತಿನ ಪಾಠವೇ ಅದು" ಎಂದು ಬೋರ್ಡಿಗೆ ತಿರುಗಿದಳು. ಮುಖಕ್ಕೆ ಬಣ್ಣ ಹಚ್ಚುವುದು ಮೇಕಪ್. ಇಲ್ಲದ ಕಥೆ ಕಟ್ಟುವುದೂ ಮೇಕಪ್. ಕಳೆದದ್ದನ್ನು ತುಂಬಿಕೊಡುವುದೂ ಅದೇ. ಕೊನೆಗೆ ಇನ್ನೊಂದು ಬರೆದಳು. ನಾನು ಆ ಪುಟ್ಟ ಬೆಂಚಿನಿಂದ ಎದ್ದು ನಿಂತೆ.

"ಕೊನೇದು ಇನ್ನೊಂದ್ಸಲ ಹೇಳಿ, ಟೀಚರಮ್ಮ."

"ಜಗಳ ಆಡಿ ಮಾತು ಬಿಟ್ಟೋರು ಮತ್ತೆ ಒಂದಾಗೋದು, ಅಂಕಲ್. ಅದೂ ಮೇಕಪ್ಪೇ."

ಕೇಳು ಗುಂಡ. ನಮ್ಮ ಕೋಣೆಯ ಬಾಗಿಲ ಮೇಲೆ ಆ ಮಾತು ದಪ್ಪಕ್ಷರದಲ್ಲಿದೆ. ಹೊಟ್ಟೆಪಾಡಿಗೆ ದಿನಾ ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದವನು ನಾನು. ಅದರ ಕೆಳಗೇ ನಿಂತು ನಾವಿಬ್ಬರೂ ಬೀದಿನಾಯಿಗಳ ಹಾಗೆ ಕಚ್ಚಾಡಿದ್ದು. ರಂಗದ ಮೇಲೆ ನಿನ್ನ ಗಡ್ಡ ಕಳಚಿ ಬಿತ್ತು, ಜನ ನಕ್ಕರು, ನೀನು ಒಳಗೆ ಬಂದು ಎಲ್ಲರೆದುರು "ಅಂಟು ಹಾಕೋಕೂ ಬರಲ್ವಾ ಈ ಮುದುಕಂಗೆ" ಅಂದೆ. ನಾನು ನಿನ್ನ ನೋಡ್ಕೋತೀನಿ ಅಂದೆ. ಅಲ್ಲಿಗೆ ಮುಗಿಯಿತು. ಯಾವ ಪುಣ್ಯಾತ್ಮನೋ ಗೊತ್ತಿಲ್ಲ, ಬಣ್ಣಕ್ಕೂ ರಾಜಿಗೂ ಒಂದೇ ಹೆಸರಿಟ್ಟು ಹೋಗಿದ್ದಾನೆ. ಅವನಿಗೆ ಕೈ ಮುಗಿಯಬೇಕು ಅನ್ನಿಸಿತು.

ಅದಕ್ಕೇ ಕರೆಯುತ್ತಿದ್ದೇನೆ, ಬಾ. ಗುರುವಾರದೊಳಗೆ ಮ್ಯಾನೇಜರಿಗೆ ಹೂಂ ಅನ್ನದಿದ್ದರೆ ಪಾತ್ರ ಬೇರೆಯವರ ಪಾಲಾಗುತ್ತದೆ. ನನ್ನ ಮುಂದೆ ಕೂರು. ಮಾತಾಡಲು ಮನಸ್ಸಿಲ್ಲದಿದ್ದರೆ ಕಣ್ಣು ಮುಚ್ಚಿಕೋ, ಬಣ್ಣ ಹಚ್ಚುವಾಗ ಹೇಗೂ ಮುಚ್ಚಲೇಬೇಕು. ಮುದುಕನ ಪಾತ್ರವಾದ್ದರಿಂದ ನನಗೂ ಕೆಲಸ ಕಮ್ಮಿ. ಗೆರೆಗಳನ್ನೆಲ್ಲ ನೀನೇ ಮನೆಯಿಂದ ತರುತ್ತೀಯ.

ನಿನ್ನ ಹೆಂಡತಿಗೆ, ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ. ನೂರು ಕಾಲ ಬಾಳು, ನನಗೆ ಬೈಯುತ್ತಲಾದರೂ ಬಾಳು.

ನಿನ್ನ
ಅಣ್ಣ

ತಾ. ಕ.: ಊರೆಲ್ಲ ಇದನ್ನು ಗಡ್ಡದ ಜಗಳ ಎನ್ನುತ್ತದೆ. ನೀನೂ ಹಾಗೇ ತಿಳಿದಿರಬಹುದು. ಗಡ್ಡಕ್ಕೆಲ್ಲ ಯಾರಾದರೂ ಒಡಹುಟ್ಟಿದವನ ಜೊತೆ ಮಾತು ಬಿಡುತ್ತಾರೆಯೇ? ಆ ಜಗಳಕ್ಕೆ ಒಂದು ತಿಂಗಳ ಮುಂಚೆ ಅಮ್ಮ ಹೋದಳು. ನೀನು ರಜೆಯ ಮೇಲೆ ಮನೆಯಲ್ಲಿದ್ದೆ, ನಾನು ಕಂಪನಿಯ ಜೊತೆ ಬೇರೆ ಊರಿನಲ್ಲಿದ್ದೆ. ಅಣ್ಣ ನಾಟಕ ಬಿಟ್ಟು ಬರುವುದು ಬೇಡವೆಂದು ನೀನು ಮರುದಿನ ತಿಳಿಸಿದೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ದಿರಿ. ನನ್ನ ಒಳ್ಳೆಯದಕ್ಕೇ ಮಾಡಿದೆ, ಗೊತ್ತು. ಆದರೂ ಕಂಡವರ ಮುಖ ನೋಡಿಕೊಂಡೇ ಬದುಕಿದ ನಾನು ಅವಳ ಕೊನೆಯ ಮುಖ ನೋಡಲಿಲ್ಲ. ತಾಯಿಯ ಪಾತ್ರದವರು ಬಂದು ಕೂತರೆ ಇವತ್ತಿಗೂ ಹುಬ್ಬನ್ನು ಎರಡೆರಡು ಸಲ ಅಳಿಸಿ ಬರೆಯುತ್ತೇನೆ. ನೀನು ಹತ್ತಿರ ಇದ್ದೆ. ಅವಳ ಹುಬ್ಬು ಸಡಿಲವಾಗಿತ್ತೇ, ಗಂಟಿಕ್ಕಿತ್ತೇ? ಯಾರನ್ನಾದರೂ ಕರೆಯುವ ಹಾಗೆ ಬಾಯಿ ತೆರೆದಿತ್ತೇ? ನೀನು ಬರದಿದ್ದರೂ ಸರಿ, ಅದೊಂದನ್ನು ಬರೆ.