ಮುಖ್ತಾರನ ಮುಂದೆ ಇಬ್ಬರು ಸಾಕ್ಷಿ

ಅಪ್ಪಾ,

ಇವತ್ತು ಬೆಳಿಗ್ಗೆ ನಿನ್ನನ್ನು ಕಾಗದದ ಮೇಲೆ ಸಾಯಿಸಿ ಬಂದೆ. ಕಾಲೇಜಿನ ಶುಲ್ಕ ಮಾಫಿಯ ಅರ್ಜಿಗೆ ತಂದೆಯ ಸಹಿ ಬೇಕು, ಇಲ್ಲವೇ ಮರಣಪತ್ರ. ಹದಿನಾರು ವರ್ಷದಿಂದ ಕಾಣೆಯಾದವರಿಗೆ ಅದರಲ್ಲಿ ಜಾಗವಿಲ್ಲ. ಅಮ್ಮ ಬರಲೊಪ್ಪದೆ, ನಿನ್ನ ಷರಟುಗಳಿಗೆ ಇಸ್ತ್ರಿ ಹಾಕುತ್ತಾ ನಿಂತಳು.

ನಮ್ಮ ಬೈರೂತಿನಲ್ಲಿ ಮರಣಪತ್ರ ಬರೆಯುವವನು ಮೊಹಲ್ಲೆಯ ಮುಖ್ತಾರ್; ಇಬ್ಬರು ಸಾಕ್ಷಿ ಹೇಳಿದರಾಯಿತು. ರೊಟ್ಟಿ ಅಂಗಡಿಯವನು ಒಬ್ಬ, ನಿನ್ನ ಜೀವದ ಗೆಳೆಯ ನಜೀಹ್ ಮಾಮ ಇನ್ನೊಬ್ಬರು.

“ಫೀಸಿಗೋಸ್ಕರ ಅಪ್ಪನ್ನೇ ಸಾಯಿಸ್ತೀಯೇನಮ್ಮಾ ಲಮೀಸ್?” ಎಂದು ಮುಖ್ತಾರ್ ನಕ್ಕ. “ಸರಿ, ಸತ್ತ ತಾರೀಕು ಹೇಳು.”

ಯಾವುದೋ ಒಂದು ತಾರೀಕು ಹೇಳೋಣವೆಂದು ನಾನು ಬಾಯಿ ತೆರೆದೆ.

“ಎಂಬತ್ತೇಳರ ಮಾರ್ಚ್ ಹತ್ತು. ಮಂಗಳವಾರ ಬೆಳಗಿನ ಜಾವ,” ಎಂದರು ನಜೀಹ್ ಮಾಮ, ಕಾಫಿ ಬಟ್ಟಲಿನಿಂದ ತಲೆಯೆತ್ತದೆ.

ನೀನು ಮನೆಬಿಟ್ಟ ಆ ಭಾನುವಾರದ ನಂತರ ನಿನ್ನನ್ನು ಕಂಡೇ ಇಲ್ಲ ಎಂದು ಇಷ್ಟು ವರ್ಷ ಅಮ್ಮನ ಮುಂದೆ ಆಣೆಯಿಟ್ಟವರು ಅವರೇ.

ಮುಖ್ತಾರ್ ಬರೆದುಕೊಂಡ. ನನಗೆ ಠಸ್ಸೆ ಬೇಕಿತ್ತು, ಶಾಯಿಯ ಡಬ್ಬಿಯನ್ನು ಅವನತ್ತ ಸರಿಸಿದೆ.

ಹೊರಗೆ ಬಂದಮೇಲೆ ಮಾಮ ನನ್ನ ತಲೆ ಸವರಿದರು. “ಇನ್ನು ಓದೋದು ನೋಡ್ಕೋ ಮಗಳೇ. ನಾಳೆ ಅರ್ಜಿ ಕೊಡೋಕೆ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ.”

ಹೂಂ ಎಂದುಬಿಟ್ಟೆ. ಆ ಭಾನುವಾರ ನೀನು ಹತ್ತಿಹೋದದ್ದೂ ಅವರ ಕಾರನ್ನೇ ಅಲ್ಲವೇ, ಅಪ್ಪಾ?