ಟ್ರಾಸ್ಕ್‌ನ ಪಾರ್ಟು

ಶನಿವಾರ, ಜೂನ್ 14

ಎಲ್ಲರನ್ನೂ ನಗಿಸಿದ್ದು ಇನ್ನೂ ಚುಚ್ಚುತ್ತಿದೆ. ಈ ಪರದೇಶದಲ್ಲಿ ನಾವಿರುವ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಅಂತ ಹಳೇ ಅಮೆರಿಕನ್ ಸಿನಿಮಾ ಹಾಕಿದ್ದರು. ಎಲ್ಮರ್ ಟ್ರಾಸ್ಕ್ ಅಂತ ಒಬ್ಬ ಪೋಷಕ ನಟ. ಜೀವಮಾನವೆಲ್ಲ ಬಾರ್‌ನವನು, ಜೈಲು ಕಾವಲುಗಾರ, ಇಂಥ ಪಾರ್ಟುಗಳೇ, ಒಮ್ಮೆಯೂ ಹೀರೋ ಅಲ್ಲ. ಇದರಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಇಂಡಿಯನ್ ಅಡುಗೆಯವನಾಗಿದ್ದ. ಮುಗಿದ ಮೇಲೆ ಪಕ್ಕದ ಫ್ಲ್ಯಾಟಿನವರು ನನಗೆ ಆ ಅಡುಗೆಯವನ ಥರ ಮಾಡಿ ತೋರಿಸು ಅಂದರು. ಬೇಡ ಅನ್ನಬಹುದಿತ್ತು. ಅವನ ಹಾಗೇ ತಲೆ ಆಡಿಸಿದೆ, ಅವನ ಆ ಇಂಗ್ಲಿಷ್ ಮಾತಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಹಿಗ್ಗು, ಥೂ.

ಲಿಫ್ಟಿನಲ್ಲಿ ಮಗಳು ವರ್ಣಿಕಾ ಇನ್ನೂ ನಗುತ್ತಿದ್ದಳು. ಇಲ್ಲಿನ ಮಕ್ಕಳ ಥರ ಅವಳೂ ಮಾತಿಗೆ 'ಲಾ' ಸೇರಿಸುತ್ತಾಳೆ. "ಸೂಪರ್ ಲಾ ಅಪ್ಪಾ. ಆದ್ರೆ ಅವನ ಥರ ಬರ್ಲಿಲ್ಲ. ಸೇಮ್ ತಾತನ ಥರ ಇತ್ತು."

ಟ್ರಾಸ್ಕ್‌ಗಾದರೆ ಅದು ಹೊಟ್ಟೆಪಾಡು. ನಾಳೆ ಭಾನುವಾರ, ಮೈಸೂರಿನಿಂದ ಅಪ್ಪ ವೀಡಿಯೋ ಕಾಲ್ ಮಾಡುತ್ತಾರೆ. ಅವರು ತಲೆ ಆಡಿಸಿದಾಗ ವರ್ಣಿಕಾ ನನ್ನ ಮುಖ ನೋಡುತ್ತಾಳೆ.