ಹದ ತಪ್ಪಿದ ಕೊಪ್ಪರಿಗೆ

ಕಾಲಿಪಂಡನ್
18 ಸೆಪ್ಟೆಂಬರ್ 1983

ಪ್ರೀತಿಯ ತಂಗಿ ಲಾನ್,

ನೀನೂ ಮಕ್ಕಳೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಏಪ್ರಿಲ್‌ನಲ್ಲಿ ನೀನು ಬರೆದದ್ದಕ್ಕೆ ಸೆಪ್ಟೆಂಬರ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು. ಮೂರು ಸಲ ಶುರುಮಾಡಿ ಮೂರು ಸಲವೂ ಹರಿದು ಹಾಕಿದೆ. ಹಿಡಿದ ಕೆಲಸ ಮುಗಿಯಲಿ, ಆಮೇಲೆ ಬರೆಯೋಣ ಎನ್ನಿಸುತ್ತಿತ್ತು. ಈಗ ಮುಗಿದಿದೆ. ನಮ್ಮೂರಿನ ಸುದ್ದಿ ಬಸ್ಸು ಹತ್ತಿ ಮಲಂಗ್‌ವರೆಗೂ ಬಂದಿರಬಹುದು, ಆದರೂ ನನ್ನ ಬಾಯಿಂದಲೇ ಕೇಳು.

ಜೂನ್ ಮೊದಲ ವಾರ ಕುದಿಸಿದ ಸೋಯಾ ಸಾಸ್ ಕೆಟ್ಟಿತು. ಉಪ್ಪುನೀರಲ್ಲಿ ನೆನೆದ ಕರಿ ಸೋಯಾ ಚೆನ್ನಾಗಿಯೇ ಮಾಗಿತ್ತು, ಜಾಡಿಗಳದ್ದೇನೂ ತಪ್ಪಿಲ್ಲ. ಕೊನೆಯ ಕುದಿಯಲ್ಲಿ ಹಾಕುವ ತೆಂಗಿನ ಬೆಲ್ಲ ಹೊತ್ತಿಹೋಯಿತು. ಒಲೆಯ ಮುಂದೆ ನಿಂತವಳು ನಾನೇ, 'ಸಾಕು, ಇಳಿಸಿ' ಎನ್ನಬೇಕಾದವಳೂ ನಾನೇ. ನೀನು ಕೂಸಾಗಿದ್ದಾಗ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೊಪ್ಪರಿಗೆ ತಿರುವುತ್ತಿದ್ದ ನಮ್ಮ ಹಳೆಯ ಆಳು ಬೋಕ್ ಜಿನಾ, "ತಾಚಿ, ವಾಸನೆ ಯಾಕೋ ಒಂಥರಾ ಇದೆ" ಎಂದು ಎರಡು ಸಲ ಹೇಳಿದಳು. ಊರಿನವರಂತೆ ಅವಳಿಗೂ ನಾನು 'ತಾಚಿ', ಅಕ್ಕ. "ಇನ್ನೂ ಕುದೀಲಿ, ನಂಗೊತ್ತು" ಎಂದೆ. ಸೋಸಿ, ಬಾಟಲಿಗೆ ತುಂಬಿ, ಅಜ್ಜನ ಕಾಲದ ಗಾಳಿಪಟದ ಗುರುತಿನ ಚೀಟಿ ಅಂಟಿಸಿ ಊರಿಗೆಲ್ಲ ಹಂಚಿಬಿಟ್ಟೆವು.

ನಾಲ್ಕನೆಯ ದಿನ ಬೆಳಿಗ್ಗೆ ಸಾತೆ ಅಂಗಡಿಯ ಪಾಕ್ ಸರ್ದಿ ಬಂದರು. ಅಪ್ಪನ ಕಾಲದಿಂದಲೂ ಅವರು ಕಡ್ಡಿಗೆ ಚುಚ್ಚಿ ಸುಡುವ ಮೇಕೆ ಮಾಂಸಕ್ಕೆ ನಮ್ಮ ಸಾಸ್ ಬಿಟ್ಟು ಬೇರೆಯದು ಸವರಿದವರಲ್ಲ. ಆರು ಬಾಟಲಿಗಳನ್ನು ಗಲ್ಲಾದ ಮೇಲೆ ಸಾಲಾಗಿ ಇಟ್ಟರು. ಕೂರಲಿಲ್ಲ.

"ತಾಚಿ, ಇದು ನಿಮ್ದಲ್ಲ. ಎಲ್ಲಿಂದ ತರಿಸಿದ್ರಿ?"

"ಇಲ್ಲೇ ಮಾಡಿದ್ದು, ಪಾಕ್. ನಾನೇ ಮಾಡಿದ್ದು."

"ಹಂಗಾದ್ರೆ ಮೈಯಲ್ಲಿ ಹುಷಾರಿಲ್ವೇನೋ ನಿಮಗೆ. ನಿನ್ನೆ ಗಿರಾಕಿಯೊಬ್ಬ ಬಾಯಿಗಿಟ್ಟಿದ್ದನ್ನ ಎಲೆ ಮೇಲೆ ಉಗಿದ. ನನ್ನ ಅಂಗಡೀಲಿ ಇದು ಮೊದಲ್ನೇ ಸಲ."

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಮುಖ ನೋಡದೆ, ನೆಲ ನೋಡುತ್ತ ಹೇಳಿದರು.

ನಿನ್ನ ಭಾವನ ಸ್ವಭಾವ ನಿನಗೆ ಗೊತ್ತಲ್ಲ. ಬಿಂಗ್ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, "ಬೆಲ್ಲದವಳು ಕಲಬೆರಕೆ ಮಾಡಿದ್ಲು ಅಂದ್ಬಿಡು. ಯಾರು ಹೋಗಿ ಕೇಳ್ತಾರೆ?" ಎಂದರು. ಬೆಲ್ಲ ಕೊಡುವಾಕೆ ತೆಂಗಿನ ಮರ ಹತ್ತಿ ನೀರಾ ಇಳಿಸುತ್ತಿದ್ದ ಗಂಡನನ್ನು ಕಳೆದುಕೊಂಡು, ತಾನೇ ಬೆಲ್ಲ ಕಾಯಿಸಿ ತಲೆಯ ಮೇಲೆ ಹೊತ್ತು ತರುವ ಹೆಂಗಸು. ಅವಳ ಹೆಸರು ಒಂದು ಸಲ ಕೆಟ್ಟರೆ ಈ ಊರಲ್ಲಿ ಇನ್ನು ಯಾರೂ ಅವಳ ಬುಟ್ಟಿ ಇಳಿಸುವುದಿಲ್ಲ. ನಾನು ಹೇಳಿದೆ, "ಎಲ್ಲಾ ಬಾಟ್ಲೀನೂ ವಾಪಸ್ ತರ್ತೀನಿ. ಒಂದೂ ಬಿಡಲ್ಲ."

"ಊರಿಗೆಲ್ಲ ಡಂಗುರ ಹೊಡೆದಂಗಾಗುತ್ತೆ, ಗಿಯೋಕ್!"

"ಹೊಡೆದಂಗಾಗ್ಲಿ. ನಾವು ಹೇಳ್ದಿದ್ರೂ ನಾಲಿಗೆ ಹೇಳುತ್ತೆ."

ಅದೇ ಹೊತ್ತಿಗೆ ಒಂದು ಸೈಕಲ್ ರಿಕ್ಷಾ ಹಿಡಿದು ಹೊರಟೆ. ಆರು ದಿನ ತಿರುಗಿದೆ. ಪೇಟೆ, ಬಸ್ ನಿಲ್ದಾಣ, ಮಸೀದಿಯ ಹಿಂದಿನ ಓಣಿ, ಮೀನುಗಾರರ ಕೇರಿ, ಎಲ್ಲ ಕಡೆ. ಒಂದೊಂದು ಮನೆಯ ಮುಂದೆಯೂ ಒಂದೇ ಮಾತು: "ನನ್ನ ಕೈ ತಪ್ಪಿತು. ಅದನ್ನ ಕೊಡಿ, ಇದನ್ನ ಇಟ್ಕೊಳ್ಳಿ." 'ಇದು' ಅಂದರೆ ಪಕ್ಕದ ಊರಿನವರ ಸಾಸ್. ಹೌದು, ನಮ್ಮ ಎದುರಾಳಿಗಳದ್ದೇ. ಮೊದಲು ನಾನೇ ಅಲ್ಲಿಗೆ ಹೋಗಿ ಗಾಡಿ ತುಂಬ ತಂದಿದ್ದೆ. ಬಿಂಗ್ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆದರೆ ಮಾಗಿದ ಜಾಡಿ ಮತ್ತೆ ಸಿಗಲು ಏಳು ವಾರ ಬೇಕಿತ್ತು. ಅಲ್ಲಿಯವರೆಗೆ ಊರು ಊಟ ಬಿಡುತ್ತದೆಯೇ?

ಪೇಟೆಯಲ್ಲಿ ತಮಾಷೆಗೇನೂ ಕಮ್ಮಿ ಇರಲಿಲ್ಲ. ಒಣಮೀನು ಮಾರುವವಳು ಜೋರಾಗಿ, "ಏನ್ ತಾಚಿ, ಹಳೇ ಬಾಟ್ಲಿ ವ್ಯಾಪಾರ ಶುರು ಮಾಡಿದ್ರಾ? ನಮ್ಮನೇಲಿ ಹರಿದ ಛತ್ರಿನೂ ಇದೆ, ತಗೊಂಡ್ಹೋಗಿ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕು ಅವಳ ಬಾಟಲಿಯನ್ನೂ ಇಸಿದುಕೊಂಡೆ. ಅನ್ನದಂಗಡಿಯ ಮುದುಕಿ ಬೂ ವಾರ್ಸಿ ಮಾತ್ರ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಹಟ ಹಿಡಿದಳು. "ನಾನು ಹಲ್ಲು ಬಂದಾಗಿಂದ ತಿಂತಿರೋದು ಇದನ್ನೇ. ಈಗ ಹಲ್ಲೇ ಇಲ್ಲ, ಕಹಿಯಾದ್ರೇನು ಸಿಹಿಯಾದ್ರೇನು? ಆ ಊರಿನವರ ನೀರು ನಂಗ್ಬೇಡ." ಅರ್ಧ ಗಂಟೆ ಗೋಗರೆದ ಮೇಲೆ ಕೊಟ್ಟಳು. ಕೊಡುವಾಗ ಕಣ್ಣಲ್ಲಿ ನೀರಿತ್ತು. ಆ ಆರು ದಿನಗಳಲ್ಲಿ ನನಗೂ ಅಳು ಬಂದದ್ದು ಅಲ್ಲಿ ಮಾತ್ರ.

ತಂದದ್ದನ್ನೆಲ್ಲ ಹಿತ್ತಲಲ್ಲಿ ಸುರಿದೆವು. ಚರಂಡಿ ಕಪ್ಪಾಗಿ ಹರಿಯುವುದನ್ನು ನೋಡಲು ಬೀದಿಯ ಜನವೆಲ್ಲ ಸೇರಿದ್ದರು. ನೋಡಲಿ ಎಂದು ನಾನೇ ಬಾಗಿಲು ತೆರೆದಿಟ್ಟಿದ್ದೆ.

ಆಗಸ್ಟ್‌ನಲ್ಲಿ ಜಾಡಿಗಳು ಮಾಗಿದವು. ಒಲೆ ಹೊತ್ತಿಸಿದ ದಿನ ಸೌಟನ್ನು ಬೋಕ್ ಜಿನಾಳ ಕೈಗೆ ಕೊಟ್ಟು, "ಇವತ್ತಿಂದ ರುಚಿ ನೋಡೋಳು ನೀನು" ಎಂದೆ. ಅವಳು ಸೌಟು ಹಾವೇನೋ ಎಂಬಂತೆ ಹಿಂದೆ ಸರಿದಳು.

"ಅಯ್ಯೋ ಬೇಡಪ್ಪ! ಮೂವತ್ತೊಂದು ವರ್ಷ ತಿರುವಿದೀನಿ, ಇನ್ನೂ ಮೂವತ್ತು ಬೇಕಾದ್ರೆ ತಿರುವ್ತೀನಿ. ಹದ ಹೇಳೋದು ಮನೆಯವರ ಕೆಲ್ಸ."

"ಮನೆಯವಳು ಹೇಳಿ ಏನಾಯ್ತು ನೋಡಿದ್ಯಲ್ಲ? ಹಿಡಿ."

ಅವಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಇನ್ನೂ ಕೆಲವು ಮಾತು ಹೇಳಬೇಕಾಯಿತು. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ನಿಂತಳು. ಆಮೇಲೆ ಬಂದು ಸೌಟು ಹಿಡಿದಳು. ಲಾನ್, ಅವಳು ಎಷ್ಟು ಚೆನ್ನಾಗಿ ಬಲ್ಲಳು! ಇಷ್ಟು ವರ್ಷ ನಾವು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಉರಿ ತಗ್ಗಿಸು, ಗಲಂಗಲ್ ಶುಂಠಿ ಇನ್ನೆರಡು ತುಂಡು, ಈಗ ಬೆಲ್ಲ, ನಿಲ್ಲು, ನಿಲ್ಲು, ಈಗ ಇಳಿಸು! ಮೊದಮೊದಲು ಪಿಸುಮಾತಿನಲ್ಲಿ ಹೇಳುತ್ತಿದ್ದವಳು ಸಂಜೆಯ ಹೊತ್ತಿಗೆ ನನ್ನನ್ನೇ ಗದರಿಸುತ್ತಿದ್ದಳು.

ಮೊದಲ ಬಾಟಲಿಯನ್ನು ನಾನೇ ಪಾಕ್ ಸರ್ದಿಯವರಲ್ಲಿಗೆ ಒಯ್ದೆ. ಗಿರಾಕಿಗಳು ತುಂಬಿದ್ದರು. ಅವರು ಒಂದು ಕಡ್ಡಿಗೆ ಸವರಿ, ಸುಟ್ಟು, ಒಂದು ಚೂರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಪಕ್ಕದ ಊರಿನ ಬಾಟಲಿಯನ್ನು ಬೆಂಚಿನ ಕೆಳಗೆ ತಳ್ಳಿ, ನಮ್ಮದನ್ನು ಕೆಂಡದ ಪಕ್ಕದಲ್ಲಿ ಇಟ್ಟುಕೊಂಡರು. "ತಾಚಿಗೆ ಹತ್ತು ಕಡ್ಡಿ ಕೊಡ್ರೋ, ನಿಂತೇ ಇದಾರೆ" ಎಂದು ಕೂಗಿದರು.

ಎಲ್ಲರೂ ತಿರುಗಿ ಬಂದರೆಂದು ಸುಳ್ಳು ಹೇಳಲಾರೆ. ಬಸ್ ನಿಲ್ದಾಣದ ನೂಡಲ್ಸ್ ಅಂಗಡಿಯವರು ಪಕ್ಕದ ಊರಿನದಕ್ಕೇ ಒಗ್ಗಿಕೊಂಡಿದ್ದಾರೆ. ಇರಲಿ. ನಾನು ಪ್ರತಿ ಸೋಮವಾರ ಅಲ್ಲಿಗೆ ಹೋಗಿ ನೂಡಲ್ಸ್ ತಿಂದು, ಒಂದು ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟು ಬರುತ್ತೇನೆ. ಅವರಿಗೆ ಬೇಸರವಾಗುವವರೆಗೂ ಹೋಗುತ್ತೇನೆ. ನಮ್ಮ ಬಾಗಿಲು ಮಾತ್ರ ಮುಚ್ಚುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಯಜಮಾನರ ಮಂಡಿನೋವು ವಾಸಿಯಾಗಲಿ. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ನಿನ್ನ ಕೈಗೆ ಎಂದೂ ಸೋಲು ಬಾರದಿರಲಿ.

ನಿನ್ನ ಅಕ್ಕ,
ಗಿಯೋಕ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಜನವರಿಯ ಜ್ವರ ಬಿಟ್ಟ ಮೇಲೆ ನನಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಉಪ್ಪು, ಬೆಲ್ಲ, ಅನ್ನ ಎಲ್ಲ ಒಂದೇ. ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂಬುದಷ್ಟೇ ಗೊತ್ತಾಗುತ್ತದೆ. ರುಚಿ ಮತ್ತೆ ಬಂದರೂ ಬರಬಹುದು ಎನ್ನುತ್ತಾರೆ ಡಾಕ್ಟರು. ಐದು ತಿಂಗಳು ಕಣ್ಣಳತೆಯಲ್ಲಿ ಹದ ಹಿಡಿದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೋಕ್ ಜಿನಾಳಿಗೆ ಹೇಳಿದ್ದು ಆ ದಿನ ಕೊಟ್ಟಿಗೆಯ ಹಿಂದೆ. ಬಿಂಗ್‌ಗೆ ಹೇಳಿದ್ದು ನಿನ್ನೆ.

ಏಪ್ರಿಲ್‌ನಲ್ಲಿ ಪ್ರತಿ ವರ್ಷದಂತೆ ಅಪ್ಪ ಅಮ್ಮನ ಸಮಾಧಿ ತೊಳೆಯಲು ಬಂದಾಗ ನೀನು ಸಾಸ್‌ಗೆ ಬೆರಳದ್ದಿ ನೋಡಿ, ಯಾರಿಗೂ ಕೇಳದ ಹಾಗೆ ನನ್ನ ಕಿವಿಯಲ್ಲಿ, "ಅಕ್ಕಾ, ಬೆಲ್ಲ ಸ್ವಲ್ಪ ಹೊತ್ತಿದೆ" ಎಂದೆ. ನಾನು ಆಳುಗಳೆಲ್ಲರ ಮುಂದೆ, "ಮದುವೆಯಾಗಿ ಹೋದವಳಿಗೆ ಈ ಮನೆ ರುಚಿ ಏನು ಗೊತ್ತು?" ಎಂದು ಕೂಗಿದೆ. ನೀನು ಊಟ ಮಾಡದೆ ಬಸ್ಸು ಹತ್ತಿದೆ. ಆಮೇಲೆ ಬಂದ ನಿನ್ನ ಕಾಗದದಲ್ಲಿ 'ಕ್ಷೇಮವಾಗಿ ತಲುಪಿದೆ' ಎಂಬ ಒಂದೇ ಸಾಲು.

ಅದು ನಿನ್ನ ಮೇಲಿನ ಸಿಟ್ಟಲ್ಲ, ಲಾನ್. ನನಗೆ ಭಯವಾಗಿತ್ತು.

ಇದರ ಜೊತೆ ಹೊಸ ಬಾಟಲಿಯೊಂದನ್ನು ಕಳಿಸಿದ್ದೇನೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಹೇಗಿದೆಯೋ ನನಗೆ ಗೊತ್ತಿಲ್ಲ. ನೀನು ತಿಂದು ನೋಡಿ ಬರೆ.